ನಳದಲ್ಲಿ ನೀರು ನಿಂತಾಗ: ಮನೆ, ವಸತಿ ಸಮುಚ್ಚಯ ಮತ್ತು ಪಂಚಾಯಿತಿ ಕೈಗೊಳ್ಳಬೇಕಾದ ಕ್ರಮಗಳು

ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಗಮನಕ್ಕೆ

ಮಳೆಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿ ಕತಗಾಲದ ಬಳಿ ಕುಮಟಾ–ಶಿರಸಿ ರಸ್ತೆಯ ಮೇಲೆ ಹರಿಯುವುದು ಈ ಭಾಗದ ಸದಸ್ಯರಿಗೆ ಹೊಸ ಸಂಗತಿಯಲ್ಲ. ಅಂತಹ ದಿನ ಎತ್ತ ನೋಡಿದರೂ ನೀರು. ಆದರೆ ಅದೇ ದಿನ ಮರ ಬಿದ್ದು ವಿದ್ಯುತ್ ತಂತಿ ಕಡಿದರೆ, ಹೊಳೆಯಂಚಿನ ಪಂಪ್‌ಹೌಸ್ ಮುಳುಗಿದರೆ, ಮನೆಯ ನಳದಲ್ಲಿ ಒಂದು ಕೊಡ ನೀರೂ ಸಿಗದು. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ ಕುಡಿಯುವ ನೀರಿನ ಕೊರತೆ ಬೇಸಿಗೆಗಷ್ಟೇ ಸೀಮಿತವಲ್ಲ.

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳಲ್ಲಿ ನೀರಿನ ಮೂಲಗಳು ಹಲವು. ಅಘನಾಶಿನಿಯ ನೀರನ್ನು ಎತ್ತುವ ಮರಾಕಲ್ ಯೋಜನೆ, ಭಟ್ಕಳದ ಕಡವಿನಕಟ್ಟೆ ಜಲಾಶಯ, ಪಂಚಾಯಿತಿಯ ತೆರೆದ ಬಾವಿ ಮತ್ತು ಕೊಳವೆಬಾವಿ, ಘಟ್ಟದ ತಪ್ಪಲಿನ ಮನೆಗಳಿಗೆ ಅಬ್ಬಿ ನೀರು. 2019ರಲ್ಲಿ ಜಲ ಜೀವನ್ ಮಿಷನ್ ಆರಂಭವಾದ ಮೇಲೆ ಹಳ್ಳಿಯ ಮನೆಗಳಿಗೂ ನಳ ಬಂದಿದೆ. ನಳ ಬಂದದ್ದು ಒಳ್ಳೆಯದೇ. ಆದರೆ ನಳ ಬಂದ ಮನೆಯಲ್ಲಿ ಬಾವಿಯ ಹಗ್ಗ, ರಾಟೆಗಳು ಮೂಲೆ ಸೇರುತ್ತವೆ. ನೀರು ನಿಂತ ದಿನ ಪಂಚಾಯಿತಿಯನ್ನು ಕಾಪಾಡುವುದು ಆ ದಿನದ ಓಡಾಟಕ್ಕಿಂತ ಹೆಚ್ಚಾಗಿ ಮೊದಲೇ ಮಾಡಿಟ್ಟ ಸಿದ್ಧತೆ ಎಂಬುದೇ ಈ ಲೇಖನದ ಆಶಯ.

1. ಮೊದಲು ಕಾರಣ ತಿಳಿಯಬೇಕು

ದೂರು ಬಂದ ಕೂಡಲೇ ಟ್ಯಾಂಕರ್‌ಗೆ ಕರೆ ಮಾಡುವುದಕ್ಕಿಂತ ಮುಂಚೆ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯಬೇಕು. ನೀರು ಒಂದೇ ಮನೆಗೆ ನಿಂತಿದೆಯೇ, ಒಂದು ಕೇರಿಗೆ ನಿಂತಿದೆಯೇ ಅಥವಾ ಇಡೀ ಗ್ರಾಮಕ್ಕೆ ನಿಂತಿದೆಯೇ? ಮೇಲ್ತೊಟ್ಟಿಯಲ್ಲಿ ನೀರಿದೆಯೇ? ಪಂಪಿಗೆ ವಿದ್ಯುತ್ ಇದೆಯೇ? ತೊಟ್ಟಿಯಲ್ಲಿ ನೀರಿದ್ದೂ ಒಂದು ಕೇರಿಗೆ ಬಾರದಿದ್ದರೆ ದೋಷ ವಾಲ್ವ್‌ನಲ್ಲಿ ಅಥವಾ ಕೊಳವೆಯಲ್ಲಿದೆ. ತೊಟ್ಟಿಯೇ ಬರಿದಾಗಿದ್ದರೆ ದೋಷ ಪಂಪು, ವಿದ್ಯುತ್ ಅಥವಾ ನೀರಿನ ಮೂಲದಲ್ಲಿದೆ. ಕಾರಣ ತಿಳಿದರೆ ದುರಸ್ತಿಗೆ ಬೇಕಾದುದು ಗಂಟೆಗಳೋ ದಿನಗಳೋ ಎಂಬ ಅಂದಾಜು ಸಿಗುತ್ತದೆ. ಆ ಅಂದಾಜನ್ನು ಜನರಿಗೆ ತಿಳಿಸುವುದು ಸದಸ್ಯರ ಮೊದಲ ಕರ್ತವ್ಯ. ಎಷ್ಟು ಹೊತ್ತು ಎಂದು ತಿಳಿಯದಿದ್ದಾಗ ಜನರು ಇದ್ದ ನೀರನ್ನೆಲ್ಲ ಒಮ್ಮೆಗೇ ತುಂಬಿಕೊಳ್ಳುತ್ತಾರೆ, ಕೊನೆಯ ಮನೆಗೆ ಏನೂ ಉಳಿಯುವುದಿಲ್ಲ.

2. ಮನೆಯಲ್ಲಿ

ನೀರು ನಿಂತ ಮನೆಯವರು ಎಲ್ಲ ನಳಗಳನ್ನೂ ಮುಚ್ಚಬೇಕು. ತೆರೆದಿಟ್ಟ ನಳದಿಂದ, ರಾತ್ರಿ ನೀರು ಬಂದಾಗ ತೊಟ್ಟಿಯೆಲ್ಲ ಖಾಲಿಯಾದ ಮನೆಗಳು ಅನೇಕ. ವಿದ್ಯುತ್ ಗೀಸರ್ ಬಂದ್ ಮಾಡಬೇಕು. ನೀರಿಲ್ಲದೆ ಪಂಪು ಓಡಿಸಿದರೆ ಅದರ ವೈಂಡಿಂಗ್ ಸುಡುತ್ತದೆ. ಒಂದು ದಿನದ ತೊಂದರೆ ಒಂದು ವಾರದ್ದಾಗುವುದು ಹೀಗೆಯೇ.

ಇದ್ದ ನೀರನ್ನು ಕುಡಿಯಲು ಮತ್ತು ಅಡುಗೆಗೆ, ಕೈತೊಳೆಯಲು ಮತ್ತು ಸ್ನಾನಕ್ಕೆ, ಶೌಚಾಲಯಕ್ಕೆ ಎಂದು ಮೂರು ಪಾಲು ಮಾಡಬೇಕು. ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು ಶೌಚಾಲಯಕ್ಕೆ ಸಾಕು. ಮಳೆಗಾಲವಾದರೆ ಸೂರಿನ ನೀರನ್ನು ಹಂಡೆಯಲ್ಲಿ ಹಿಡಿದು ಬಟ್ಟೆ, ನೆಲ, ಶೌಚಾಲಯಕ್ಕೆ ಬಳಸಬಹುದು. ಕೈತೊಳೆಯುವ ನೀರನ್ನು ಮಾತ್ರ ಉಳಿಸಲು ಹೋಗಬಾರದು. ನೀರಿನ ಕೊರತೆಯ ದಿನಗಳಲ್ಲಿ ವಾಂತಿಭೇದಿ ಹರಡುವುದು ಬಹುಮಟ್ಟಿಗೆ ತೊಳೆಯದ ಕೈಗಳಿಂದ.

3. ವಸತಿ ಸಮುಚ್ಚಯಗಳಲ್ಲಿ

ಮೂರೂ ಪಟ್ಟಣಗಳ ಅಂಚಿನಲ್ಲಿರುವ ಗ್ರಾಮ ಪಂಚಾಯಿತಿಗಳಲ್ಲಿ ಈಗ ಅಪಾರ್ಟ್‌ಮೆಂಟುಗಳನ್ನೂ ಕಾಣಬಹುದು. ಒಂಟಿ ಮನೆಗೂ ಇವುಗಳಿಗೂ ಒಂದು ವ್ಯತ್ಯಾಸವಿದೆ. ಇಲ್ಲಿ ನೆಲದಡಿಯ ಸಂಪು, ಪಂಪು, ತಾರಸಿಯ ತೊಟ್ಟಿ ಎಲ್ಲವೂ ಹಂಚಿಕೆಯವು. ಬಾವಿಯಿಂದ ಸೇದಿ ಮೂರನೆಯ ಮಹಡಿಗೆ ಕೊಡ ಹೊರುವುದು ವೃದ್ಧರಿಗೆ, ಗರ್ಭಿಣಿಯರಿಗೆ ಸಾಧ್ಯವಾಗದ ಮಾತು.

ಆದ್ದರಿಂದ ತಾರಸಿಯ ತೊಟ್ಟಿಯ ಹೊರವಾಲ್ವನ್ನು ಕೂಡಲೇ ಮುಚ್ಚಿ, ಬೆಳಿಗ್ಗೆ ಮತ್ತು ಸಂಜೆ ಗೊತ್ತಾದ ಸಮಯಕ್ಕೆ ಅರ್ಧ ಗಂಟೆ ಮಾತ್ರ ತೆರೆಯುವಂತೆ ನಿವಾಸಿಗಳ ಸಂಘಕ್ಕೆ ತಿಳಿಸಬೇಕು. ಲೆಕ್ಕ ಹೀಗಿದೆ. 12 ಮನೆಗಳು, ಮನೆಗೆ 4 ಜನ ಎಂದರೆ 48 ಜನ. ಜಲ ಜೀವನ್ ಮಿಷನ್ ನಿಗದಿಪಡಿಸಿದ ದಿನಕ್ಕೆ ತಲಾ 55 ಲೀಟರ್‌ನಂತೆ 2,640 ಲೀಟರ್ ಬೇಕು. 5,000 ಲೀಟರ್‌ನ ಒಂದು ಟ್ಯಾಂಕರ್ ಎರಡು ದಿನಕ್ಕೂ ಸಾಲದು. ತುರ್ತು ಪರಿಸ್ಥಿತಿಗೆ ಅಂತರರಾಷ್ಟ್ರೀಯವಾಗಿ ಒಪ್ಪಿರುವ ತಲಾ 15 ಲೀಟರ್‌ನಂತೆ ಹಂಚಿದರೆ ದಿನಕ್ಕೆ 720 ಲೀಟರ್ ಸಾಕು. ಅದೇ ಟ್ಯಾಂಕರ್ ಸುಮಾರು ಏಳು ದಿನ ಬರುತ್ತದೆ. ಹಂಚಿಕೆಯ ಶಿಸ್ತು ಮೂರು ಟ್ಯಾಂಕರ್‌ಗಳಿಗೆ ಸಮ ಎಂಬುದನ್ನು ಸದಸ್ಯರು ಮನವರಿಕೆ ಮಾಡಿಕೊಡಬೇಕು.

ಕೊಟ್ಟಿಗೆಯಿರುವ ಮನೆಗಳಿಗೆ ಈ ಲೆಕ್ಕ ಸಾಲದು. ಒಂದು ಹಸು ಅಥವಾ ಎಮ್ಮೆಗೆ ದಿನಕ್ಕೆ ಕನಿಷ್ಠ 20ರಿಂದ 30 ಲೀಟರ್ ಪ್ರತ್ಯೇಕವಾಗಿ ಎಣಿಸಬೇಕು.

4. ಬಂದ ನೀರನ್ನು ನಂಬುವ ಮೊದಲು

ನೀರು ಮರಳಿ ಬಂದ ಗಳಿಗೆಯೇ ಹೆಚ್ಚಿನ ಅಪಾಯದ ಗಳಿಗೆ. ಕೊಳವೆ ತುಂಬಿ ಒತ್ತಡದಲ್ಲಿದ್ದಾಗ ಸೋರುವ ಕಡೆ ನೀರು ಹೊರಗೆ ಹೋಗುತ್ತದೆ. ಕೊಳವೆ ಬರಿದಾದಾಗ ಅದೇ ಬಿರುಕಿನಿಂದ ಚರಂಡಿಯ ನೀರು ಒಳಗೆ ಸೇರುತ್ತದೆ. ಕೊಳವೆಗೆ ನೇರವಾಗಿ ಮೋಟರ್ ಜೋಡಿಸಿ ಎಳೆಯುವ ಮನೆಗಳಿದ್ದರೆ ಈ ಹೀರುವಿಕೆ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ ಮರಳಿ ಬಂದ ಮೊದಲ ನೀರನ್ನು ತಿಳಿಯಾಗುವವರೆಗೆ ಹೊರಬಿಡಬೇಕು, ಸಂಪಿಗೆ ಸೇರಿಸಬಾರದು. ಮುಂದಿನ ಎರಡು ಮೂರು ದಿನ ಕುಡಿಯುವ ನೀರನ್ನು ಕುದಿಸಿಯೇ ಬಳಸಬೇಕು. ನೀರು ಕೊತಕೊತ ಕುದಿಯಲು ಆರಂಭಿಸಿದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಯಬೇಕು. ಬಿಸಿಯಾದರೆ ಸಾಲದು.

ಬಾವಿ ಮತ್ತು ಟ್ಯಾಂಕರ್ ನೀರಿಗೆ ಬ್ಲೀಚಿಂಗ್ ಪುಡಿ ಹಾಕಬೇಕು. ತಿಳಿನೀರಿಗೆ ಸಾಮಾನ್ಯ ಪ್ರಮಾಣ 1,000 ಲೀಟರ್‌ಗೆ ಒಳ್ಳೆಯ ಗುಣಮಟ್ಟದ ಪುಡಿ 2.5 ಗ್ರಾಂ. ದುಂಡು ಬಾವಿಯ ನೀರಿನ ಅಳತೆ ತಿಳಿಯಲು ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಅದನ್ನು ನೀರಿನ ಆಳದಿಂದ ಗುಣಿಸಿ, ಬಂದುದನ್ನು 785ರಿಂದ ಗುಣಿಸಬೇಕು. ಅಳತೆ ಮೀಟರ್‌ನಲ್ಲಿದ್ದರೆ ಉತ್ತರ ಲೀಟರ್‌ನಲ್ಲಿ ಬರುತ್ತದೆ. 3 ಮೀಟರ್ ವ್ಯಾಸದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,260 ಲೀಟರ್; ಅದಕ್ಕೆ ಸುಮಾರು 71 ಗ್ರಾಂ ಪುಡಿ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕುಳಿತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಬೆರೆಸಬೇಕು. ಒಂದು ಗಂಟೆಯ ನಂತರ ನೀರನ್ನು ಬಳಸಬಹುದು. ಮನೆಯ ನಳದಲ್ಲಿ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂಬುದು ಭಾರತೀಯ ಮಾನಕ. ಗ್ರಾಮದಲ್ಲಿ ನೀರು ಪರೀಕ್ಷೆಗೆ ತರಬೇತಿ ಪಡೆದ ಮಹಿಳೆಯರಿಂದ ಪರೀಕ್ಷಾ ಕಿಟ್ ಬಳಸಿ ಇದನ್ನು ನೋಡಿಸಬೇಕು.

ನೆರೆಯ ನೀರು ಹೊಕ್ಕ ಬಾವಿಗೆ ಈ ಪ್ರಮಾಣ ಅನ್ವಯಿಸದು. ಅದನ್ನು ಖಾಲಿ ಮಾಡಿಸಿ, ಕೆಸರು ತೆಗೆಸಿ, ಆರೋಗ್ಯ ಇಲಾಖೆಯ ಸಿಬ್ಬಂದಿಯ ಸಲಹೆಯಂತೆ ಶುದ್ಧೀಕರಿಸಿ, ಪರೀಕ್ಷೆಯಾಗುವವರೆಗೆ ಕುಡಿಯಲು ಬಳಸಬಾರದು. ನಮ್ಮ ಕೆಂಪುಕಲ್ಲಿನ ನೆಲದಲ್ಲಿ ನೀರು ಬೇಗ ಇಂಗುವಂತೆ ಕೊಳೆಯೂ ಬೇಗ ಇಳಿಯುತ್ತದೆ. ಶೌಚಗುಂಡಿಯಿಂದ 15 ಮೀಟರ್‌ಗಿಂತ ಹತ್ತಿರದ ಬಾವಿಯನ್ನು ಕುಡಿಯುವ ನೀರಿನ ಪಟ್ಟಿಗೆ ಸೇರಿಸಬಾರದು.

5. ಪಂಚಾಯಿತಿಯ ಸಿದ್ಧತೆ

ಕುಡಿಯುವ ನೀರಿನ ಪೂರೈಕೆ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಂತೆ ಪಂಚಾಯಿತಿಯ ಕರ್ತವ್ಯ. ಮುಂದಿನ ಸಾಮಾನ್ಯ ಸಭೆಯಲ್ಲಿ ಕೆಳಗಿನ ವಿಷಯಗಳನ್ನು ಚರ್ಚಿಸಿ ನಿರ್ಣಯಿಸಬಹುದು.

ಅ) ಎಲ್ಲ ವಾಲ್ವ್‌ಗಳ ಸ್ಥಾನ ತೋರಿಸುವ ನಕ್ಷೆಯೊಂದನ್ನು ಬರೆಸಿ ಕಚೇರಿಯಲ್ಲಿ ತೂಗುಹಾಕುವುದು. ಎಷ್ಟೋ ಕಡೆ ಈ ತಿಳಿವಳಿಕೆ ವಾಟರ್‌ಮನ್ ಒಬ್ಬರ ನೆನಪಿನಲ್ಲಿ ಮಾತ್ರ ಇರುತ್ತದೆ. ಅವರು ಊರಿನಲ್ಲಿಲ್ಲದ ದಿನ ಊರೇ ಕುರುಡಾಗುತ್ತದೆ.

ಆ) ಪ್ರತಿ ವಾರ್ಡಿನಲ್ಲಿ ವರ್ಷವಿಡೀ ನೀರಿರುವ ಬಾವಿಗಳನ್ನು ಗುರುತಿಸಿ, ಹೂಳು ತೆಗೆಸಿ, ರಾಟೆ ಮತ್ತು ಹಗ್ಗ ಸುಸ್ಥಿತಿಯಲ್ಲಿಡುವುದು. ಖಾಸಗಿ ಬಾವಿಯಾದರೆ ಕಷ್ಟದ ದಿನ ನೆರೆಯವರಿಗೆ ನೀರು ಕೊಡಲು ಮಾಲೀಕರ ಒಪ್ಪಿಗೆಯನ್ನು ಮೊದಲೇ ಪಡೆಯುವುದು.

ಇ) ಬದಲಿ ಪಂಪು, ಕೊಳವೆ ಜೋಡಣೆಯ ಸಾಮಗ್ರಿ, ಬಾಡಿಗೆ ಜನರೇಟರ್ ಮತ್ತು ಶುದ್ಧ ಟ್ಯಾಂಕರ್‌ಗೆ ದರ ನಿಗದಿಪಡಿಸಿ ಒಪ್ಪಂದ ಮಾಡಿಕೊಳ್ಳುವುದು. ಕಟ್ಟಡ ಕಾಮಗಾರಿಗೆ ಅಥವಾ ಮಲಿನ ನೀರು ಸಾಗಿಸಲು ಬಳಸಿದ ಟ್ಯಾಂಕರ್ ಸ್ವೀಕರಿಸಬಾರದು.

ಈ) ಒಂಟಿಯಾಗಿರುವ ವೃದ್ಧರು, ಹಾಸಿಗೆ ಹಿಡಿದವರು, ಬಾಣಂತಿಯರು, ಮೇಲ್ಮಹಡಿಯ ಅಶಕ್ತರ ಪಟ್ಟಿಯನ್ನು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ನೆರವಿನಿಂದ ಸಿದ್ಧಪಡಿಸುವುದು. ಟ್ಯಾಂಕರ್ ಬಂದಾಗ ಮೊದಲ ಕೊಡ ಅವರ ಮನೆ ಬಾಗಿಲಿಗೆ ತಲುಪಬೇಕು.

ಉ) ಹೆಸ್ಕಾಂ ಶಾಖಾ ಕಚೇರಿ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ದೂರವಾಣಿ ಸಂಖ್ಯೆಗಳನ್ನು ಪ್ರತಿ ಸದಸ್ಯರ ಬಳಿ ಇರಿಸುವುದು.

ಇವುಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಒಂದು ಸಭೆ, ಒಂದು ನಕ್ಷೆ, ಒಂದು ಪಟ್ಟಿ ಬೇಕು. ಮಳೆಗಾಲ ಬರುವ ಮುನ್ನ, ಮೇ ತಿಂಗಳಲ್ಲೇ, ಸದಸ್ಯರು ತಮ್ಮ ವಾರ್ಡಿನ ಬಾವಿಗಳ ಕಟ್ಟೆಯ ಬಳಿ ಒಮ್ಮೆ ಹೋಗಿ ಬರಲಿ. ರಾಟೆ ತಿರುಗುತ್ತದೆಯೇ, ಹಗ್ಗ ಗಟ್ಟಿಯಿದೆಯೇ, ನೀರು ತಿಳಿಯಾಗಿದೆಯೇ ಎಂದು ಸ್ವತಃ ನೋಡಿ ಸಭೆಗೆ ವರದಿ ಮಾಡಬೇಕೆಂದು ಕೋರಲಾಗಿದೆ.