ಡಬ್ಬಿ ಊಟ: ಲಾಭವೋ, ಲುಕ್ಸಾನೋ?

ನಮ್ಮ ತಂದೆಯವರು ಮಾಲು ತರಲು ಜತ್ತದಿಂದ ಅಥಣಿಗೋ ವಿಜಾಪುರಕ್ಕೋ ಹೊರಟರೆ ಕೈಯಲ್ಲಿ ಬುತ್ತಿಯ ಗಂಟು ಇದ್ದೇ ಇರುತ್ತಿತ್ತು. ನಾಲ್ಕು ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ತುಂಡು ಬೆಲ್ಲ. ಎರಡು ದಿನದ ಪ್ರವಾಸವಾದರೂ ಖಾನಾವಳಿಯ ಹೊಸ್ತಿಲು ತುಳಿದವರಲ್ಲ. ಅಂಥ ಮನೆಯಲ್ಲಿ ಬೆಳೆದ ನನಗೆ ರೊಕ್ಕ ಕೊಟ್ಟು ಮನೆಗೆ ಊಟ ತರಿಸುವುದೆಂದರೆ ದುಂದುಗಾರಿಕೆ ಎಂಬ ಭಾವನೆ ಗಟ್ಟಿಯಾಗಿತ್ತು. ಹೋದ ವರ್ಷ ಎರಡು ತಿಂಗಳು ನಾನೇ ಡಬ್ಬಿ ತರಿಸಿ ಉಂಡೆ. ವ್ಯಾಪಾರಿಯ ಸ್ವಭಾವ, ಎಲ್ಲವನ್ನೂ ಬರೆದಿಟ್ಟೆ. ಆ ಲೆಕ್ಕ ನಮ್ಮ ಓದುಗ ಬಂಧು-ಭಗಿನಿಯರಿಗೂ ಉಪಯೋಗವಾದೀತು ಎಂದು ಇಲ್ಲಿ ಕೊಡುತ್ತಿದ್ದೇನೆ.

ನನ್ನ ಧರ್ಮಪತ್ನಿಗೆ ಮಿರಜದಲ್ಲಿ ಮೊಣಕಾಲಿನ ಶಸ್ತ್ರಕ್ರಿಯೆ ಆಯಿತು. 1894ರಲ್ಲಿ ಡಾ. ವಾನ್ಲೆಸ್ ಅವರು ಆಸ್ಪತ್ರೆ ಕಟ್ಟಿದಂದಿನಿಂದ ಮಿರಜ ಎಂದರೆ ನಮ್ಮ ಸೀಮೆಯವರಿಗೆ ದವಾಖಾನೆಗಳ ಊರು. ರೋಗಿಯ ಜೊತೆಗೆ ಇರುವವರು ಅಲ್ಲಿ ಡಬ್ಬಿಯ ಮೇಲೆಯೇ ದಿನ ತೆಗೆಯುತ್ತಾರೆ. ಒಂಬತ್ತು ದಿನ ನಾನೂ ಹಾಗೆಯೇ ತೆಗೆದೆ. ಊರಿಗೆ ಬರುವಾಗ ಡಾಕ್ಟರರು, ಎರಡು ತಿಂಗಳು ಒಲೆಯ ಮುಂದೆ ನಿಲ್ಲಕೂಡದು ಎಂದು ಹೇಳಿ ಕಳಿಸಿದರು.

ಮಗ-ಸೊಸೆ ಪುಣೆಯಲ್ಲಿ ನೌಕರಿಯಲ್ಲಿದ್ದಾರೆ. ಸೊಸೆ ಹದಿನೈದು ದಿನ ರಜೆ ಹಾಕಿ ಬಂದು ನೋಡಿಕೊಂಡಳು. ಹೊರಡುವಾಗ, "ಮಾವಾರೀ, ನಮ್ಮ ಗಲ್ಲಿಯೊಳಗ ಡಬ್ಬಿ ಮಾಡೋರು ಅದಾರ. ಎರಡು ತಿಂಗಳಾ ಡಬ್ಬಿ ಹಚ್ಚರಿ" ಎಂದಳು. ನಾನು ಒಪ್ಪಲಿಲ್ಲ. ಬೇಳೆ-ಅನ್ನ ನನಗೂ ಬರುತ್ತದೆ ಎಂದೆ. ಮೊದಲನೆಯ ದಿನ ಅನ್ನ ತಳ ಹಿಡಿಯಿತು. ಮೂರನೆಯ ದಿನ ಮಧ್ಯಾಹ್ನ ಅಂಗಡಿಯಿಂದ ಮನೆಗೆ ಬಂದು ನೋಡಿದರೆ, ಈಕೆ ಒಂದು ಕೈಯಿಂದ ಗೋಡೆ ಹಿಡಿದು ನಿಂತು ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ, "ನಿಮಗ ಹಸಿವು ತಡೆಯೂದಿಲ್ಲಲ್ರೀ" ಎಂದಳು. ಆ ಸಂಜೆಯೇ ಡಬ್ಬಿ ಹಚ್ಚಿದೆ.

ಮೊದಲ ಲೆಕ್ಕ

ಡಬ್ಬಿಯಲ್ಲಿ ಮೂರು ರೊಟ್ಟಿ ಇಲ್ಲವೆ ಚಪಾತಿ, ಒಂದು ಪಲ್ಯ, ಒಂದು ಕಾಳು, ಬೇಳೆ-ಅನ್ನ, ಚಟ್ನಿ. ಒಂದಕ್ಕೆ ರೂ. 70. ಇಬ್ಬರಿಗೆ ಎರಡು ಹೊತ್ತಿಗೆ ನಾಲ್ಕು ಡಬ್ಬಿ, ದಿನಕ್ಕೆ ರೂ. 280, ತಿಂಗಳಿಗೆ ರೂ. 8,400.

ಮನೆಯಲ್ಲಿ ಮಾಡಿದರೆ ಎಷ್ಟು? ಹಳೆಯ ಕಿರ್ದಿ ತೆಗೆದು ನೋಡಿದೆ. ಜೋಳ, ಗೋಧಿ, ಅಕ್ಕಿ ಸೇರಿ ರೂ. 970. ಬೇಳೆ-ಕಾಳು ರೂ. 480. ಎಣ್ಣೆ ರೂ. 300. ಕಾಯಿಪಲ್ಯ ರೂ. 1,200. ಶೇಂಗಾ, ಬೆಲ್ಲ, ಮಸಾಲೆ ರೂ. 400. ಗ್ಯಾಸು ಮತ್ತು ಹಿಟ್ಟಿನ ಗಿರಣಿ ರೂ. 630. ಒಟ್ಟು ರೂ. 3,980, ಅಂದರೆ ಹೆಚ್ಚುಕಡಿಮೆ ನಾಲ್ಕು ಸಾವಿರ. ಹಾಲು-ಚಹಾ ಎರಡೂ ಕಡೆ ಸಮ, ಆದ್ದರಿಂದ ಬಿಟ್ಟಿದ್ದೇನೆ. "ನೋಡು, ಇಮ್ಮಡಿಗಿಂತ ಹೆಚ್ಚು ರೊಕ್ಕ ಹೊಂಟೈತಿ" ಎಂದು ಹೆಂಡತಿಗೆ ಹೇಳಿದೆ.

ಆಕೆ ಮಲಗಿದಲ್ಲಿಂದಲೇ ಕೇಳಿದಳು: "ಅಂಗಡ್ಯಾಗ ಕಾಳು ಹಸನ ಮಾಡಾಕ ಬರೋ ಬಾಯಿಗೆ ತಾಸಿಗೆ ಏನು ಕೊಡ್ತೀರಿ?" ನಲವತ್ತು ರೂಪಾಯಿ ಎಂದೆ. "ಮತ್ತ ನನ್ನ ಪಗಾರ ಯಾವ ಪುಟದಾಗ ಬರದೀರಿ?"

ಉತ್ತರ ಹೊಳೆಯಲಿಲ್ಲ. ಅಡುಗೆ, ಪಾತ್ರೆ, ಕಾಳು ಆರಿಸುವುದು, ನೀರು ಸೋಸುವುದು ಎಲ್ಲ ಸೇರಿ ದಿನಕ್ಕೆ ನಾಲ್ಕು ತಾಸು. ತಿಂಗಳಿಗೆ 120 ತಾಸು. ತಾಸಿಗೆ ರೂ. 40ರಂತೆ ರೂ. 4,800. ಅದನ್ನು ಕೂಡಿಸಿದರೆ ಮನೆಯ ಊಟ ರೂ. 8,780. ಡಬ್ಬಿಯೇ ರೂ. 380 ಅಗ್ಗ! "ನಲವತ್ತು ವರ್ಷದ ಬಾಕಿ ಐತಲ್ರೀ, ಯಾವಾಗ ಚುಕ್ತಾ ಮಾಡ್ತೀರಿ?" ಎಂದು ನಕ್ಕಳು. ಇಂದಿನ ದರದಲ್ಲಿ ಎಣಿಸಿ ನೋಡಿದೆ, ಇಪ್ಪತ್ತಮೂರು ಲಕ್ಷ ದಾಟುತ್ತದೆ.

ಆ ರೂ. 4,800 ಗಲ್ಲೆಯಿಂದ ಹೋಗುವುದಿಲ್ಲ, ಅದು ಖರ್ಚು ಹೇಗೆ ಎಂದು ಕೆಲವರು ಕೇಳಬಹುದು. ಗಲ್ಲೆಯಿಂದ ಹೋಗುವುದಿಲ್ಲ, ನಿಜ. ಮೊಣಕಾಲಿನಿಂದ ಹೋಗುತ್ತದೆ. ಮಿರಜದ ಬಿಲ್ಲು ಬಂದಾಗ ಅದು ನನಗೆ ತಿಳಿಯಿತು.

ಆದರೆ ಈ ಲೆಕ್ಕ ಎಲ್ಲ ಮನೆಗೂ ಒಂದೇ ಅಲ್ಲ. ಆರು ಜನರ ಕೂಡು ಕುಟುಂಬವಾದರೆ ದಿನಕ್ಕೆ ಹನ್ನೆರಡು ಡಬ್ಬಿ, ತಿಂಗಳಿಗೆ ರೂ. 25,200. ಮನೆಯಲ್ಲಿ ಸಾಮಾನು ಮೂರು ಪಟ್ಟು ಹಿಡಿದರೂ ರೂ. 12,000, ದುಡಿಮೆ ಮೂರು ಪಟ್ಟು ಆಗುವುದಿಲ್ಲ, ಆರು ತಾಸು ಹಿಡಿದರೆ ರೂ. 7,200. ಒಟ್ಟು ರೂ. 19,200. ಅಲ್ಲಿ ಮನೆಯ ಒಲೆಯೇ ಲಾಭ. ಒಬ್ಬಿಬ್ಬರೇ ಇರುವ ಮುದುಕರ ಮನೆಗೆ, ಪರಊರಿನಲ್ಲಿ ಕಲಿಯುವ ಮಕ್ಕಳಿಗೆ ಡಬ್ಬಿ ಹೊಂದುತ್ತದೆ.

ಎರಡನೆಯ ಲೆಕ್ಕ

ಮುಂದೆ ಪುಣೆಗೆ ಹೋದಾಗ ಇನ್ನೊಂದು ತರಹದ ಡಬ್ಬಿ ನೋಡಿದೆ. ಮಗ ಫೋನಿನಲ್ಲಿ ಗುಂಡಿ ಒತ್ತಿದ, ಮುಕ್ಕಾಲು ತಾಸಿಗೆ ಹುಡುಗ ಮೋಟರ್ ಸೈಕಲ್ ಮೇಲೆ ತಂದುಕೊಟ್ಟ. ಬಿಲ್ಲು ಇಸಿದುಕೊಂಡು ಓದಿದೆ. ಊಟ ರೂ. 480, ಪ್ಯಾಕಿಂಗ್ ರೂ. 30, ತಂದುಕೊಟ್ಟದ್ದಕ್ಕೆ ರೂ. 40, ಕಂಪನಿಯ ಶುಲ್ಕ ರೂ. 12, ತೆರಿಗೆ ರೂ. 26. ಒಟ್ಟು ರೂ. 588. ಮರುದಿನ ವಾಯುವಿಹಾರಕ್ಕೆ ಹೋದಾಗ ಅದೇ ಹೋಟೆಲಿನ ದರಪಟ್ಟಿ ನೋಡಿದೆ. ಅಷ್ಟೇ ಪದಾರ್ಥಕ್ಕೆ ಅಲ್ಲಿ ರೂ. 420, ತೆರಿಗೆ ಸೇರಿ ರೂ. 441. ರೂ. 147, ಅಂದರೆ ನಾಲ್ಕಾಣೆ ಪಾಲು, ಹೊಟ್ಟೆಗೆ ಹೋಗಲಿಲ್ಲ.

ಇದರಲ್ಲಿ ಮೋಸವಿಲ್ಲ, ವ್ಯಾಪಾರವಿದೆ. ಕಂಪನಿಯವರು ಹೋಟೆಲಿನಿಂದ ದಲಾಲಿ ಹಿಡಿಯುತ್ತಾರೆ, ಎಷ್ಟೋ ಹೋಟೆಲಿನವರು ಅದನ್ನು ಫೋನಿನ ದರದಲ್ಲಿ ಏರಿಸಿ ತೆಗೆಯುತ್ತಾರೆ. ಕಂಪನಿಯ ಶುಲ್ಕ 2023ರಲ್ಲಿ ಎರಡು ರೂಪಾಯಿಯಿಂದ ಆರಂಭವಾಗಿ, ಎರಡು ವರ್ಷದಲ್ಲಿ ಹತ್ತು ದಾಟಿತು. ದಿನಕ್ಕೊಂದು ಸಣ್ಣ ಶುಲ್ಕ ಯಾರ ಕಣ್ಣಿಗೂ ಬೀಳುವುದಿಲ್ಲ, ವರ್ಷದ ಖತಾವಣಿ ಬರೆದಾಗ ಬೀಳುತ್ತದೆ.

ರೊಕ್ಕದಾಚೆಯ ಮಾತೂ ಇದೆ. ಬಿಲ್ಲಿನ ಮೇಲೆ 'ಜೈನ್' ಎಂದು ಬರೆದಿತ್ತು, ಪಲ್ಯದಲ್ಲಿ ಉಳ್ಳಾಗಡ್ಡಿಯ ಎಸಳು ಸಿಕ್ಕಿತು. ದೊಡ್ಡ ಹೋಟೆಲಿನಲ್ಲಿ ಉಳ್ಳಾಗಡ್ಡಿ-ಟೊಮ್ಯಾಟೊ ಮಸಾಲೆಯನ್ನು ಮುಂಜಾನೆಯೇ ಒಂದೇ ಪಾತೇಲಿಯಲ್ಲಿ ಮಾಡಿಡುತ್ತಾರೆ. ನಮಗಾಗಿ ಬೇರೆ ಪಾತ್ರೆ ಇಡದಿದ್ದರೆ ಚೀಟಿಯ ಮೇಲೆ ಏನು ಬರೆದರೇನು? ಮೇಲಾಗಿ ಡಬ್ಬಿ ಬಂದದ್ದು ರಾತ್ರಿ ಒಂಬತ್ತಕ್ಕೆ. ನಾನು ಸಂಜೆಯೇ ಎರಡು ಬಾಳೆಹಣ್ಣು ತಿಂದು ಮುಗಿಸಿದ್ದೆ.

ಆ ರಾತ್ರಿ ಮುಂಬಯಿಯ ಡಬ್ಬಾವಾಲಾಗಳು ನೆನಪಾದರು. ಮಹಾದೇವ ಹಾವಜಿ ಬಚ್ಚೆ ಎಂಬುವರು 1890ರಲ್ಲಿ ಆ ಕೆಲಸ ಆರಂಭಿಸಿದರು. ಅವರು ಹೊತ್ತದ್ದು ಹೆಚ್ಚಾಗಿ ಗಿರಾಕಿಯ ಸ್ವಂತ ಮನೆಯ ಅಡುಗೆಯನ್ನು. ಅಂದರೆ ಜನ ಕೂಲಿ ಕೊಟ್ಟದ್ದು ಮನೆಯ ಊಟ ತಪ್ಪಬಾರದು ಎಂದು. ಈಗ ಮನೆಯ ಊಟ ತಪ್ಪಿಸಲಿಕ್ಕೆ ಕೂಲಿ ಕೊಡುತ್ತೇವೆ. ಸೊಸೆ ಸಂಜೆ ಏಳಕ್ಕೆ ಮನೆ ಮುಟ್ಟುತ್ತಾಳೆ, ಆಕೆಯ ದಣಿವು ನನಗೆ ಕಾಣುತ್ತದೆ. ಬೇಡ ಎನ್ನಲಿಲ್ಲ. "ಅಲ್ಲೇ ಹತ್ತಿರ ಡಬ್ಬಿ ಮಾಡೋರನ್ನ ಹುಡುಕವ್ವಾ" ಎಂದಷ್ಟೇ ಹೇಳಿದೆ.

ಮೂರನೆಯ ಲೆಕ್ಕ

ನಮ್ಮ ಗಲ್ಲಿಯಲ್ಲಿ ಡಬ್ಬಿ ಮಾಡುವಾಕೆ ನಮ್ಮ ಸಮಾಜದ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನು ಇದರ ಮೇಲೆಯೇ ಓದಿಸುತ್ತಿದ್ದಾಳೆ. ಕಂದಮೂಲ ಇಲ್ಲ, ಸೋಸಿದ ನೀರು, ಸಂಜೆ ಐದಕ್ಕೆ ಡಬ್ಬಿ ಬಾಗಿಲಿಗೆ. ಏನನ್ನೂ ಹೇಳಿಕೊಡಬೇಕಾಗಿರಲಿಲ್ಲ.

ಮೊದಲ ತಿಂಗಳು ಮುಗಿದಾಗ ಆಕೆ ಬಂದು ಲೆಕ್ಕ ಕೊಟ್ಟಳು. ಪೇಟೆಯ ರೂಢಿಯಂತೆ, "ಎಂಟು ದಿನ ತಡಿಯವ್ವಾ" ಎಂದೆ. "ಆಗಲಿ ಕಾಕಾ" ಎಂದು ಹೋದಳು. ಆರನೆಯ ದಿನ ಆಕೆಯ ಮಗ ನಮ್ಮ ಅಂಗಡಿಗೆ ಬಂದು ಐದು ಕಿಲೋ ಜೋಳ, ಒಂದು ಕಿಲೋ ತೊಗರಿಬೇಳೆ ಉದ್ರಿ ಬರೆಸಿದ. ಬರೆಯುವಾಗ ನನ್ನ ಕೈ ನಿಂತಿತು. ನಾನು ಉಣ್ಣುವ ರೊಟ್ಟಿಯ ಜೋಳವನ್ನು ಆಕೆ ನನ್ನ ಅಂಗಡಿಯಲ್ಲೇ ಸಾಲ ಮಾಡಿ ಒಯ್ಯುತ್ತಿದ್ದಳು, ಅದೂ ನಾನು ಕೊಡಬೇಕಾದ ರೊಕ್ಕ ಕೊಡದೆ ಇದ್ದುದಕ್ಕೆ. ಆ ಹೊತ್ತಿಗೇ ಗಲ್ಲೆಯಿಂದ ರೂ. 8,400 ಎಣಿಸಿ ಒಯ್ದು ಕೊಟ್ಟೆ. ಅಂದಿನಿಂದ ತಿಂಗಳ ಮೊದಲ ದಿನವೇ ಮುಂಗಡ ಕೊಡುತ್ತೇನೆ. ದುಡಿದ ಹೆಣ್ಣುಮಕ್ಕಳ ಕೂಲಿ ಬರೆಯದೆ ಇರುವ ಚಾಳಿ ನನ್ನ ಮನೆಯೊಳಗೆ ಮಾತ್ರ ಇರಲಿಲ್ಲ ಎಂದು ಗೊತ್ತಾಯಿತು.

ಡಬ್ಬಿ ಹಚ್ಚುವವರಿಗೆ ಕೆಲವು ಮಾತು

1. ತೀರ ಅಗ್ಗದ ಡಬ್ಬಿಗೆ ಹೋಗಬೇಡಿರಿ. 2020ರಲ್ಲಿ ಮಹಾರಾಷ್ಟ್ರ ಸರಕಾರ ಹತ್ತು ರೂಪಾಯಿಯ ಶಿವಭೋಜನ ಥಾಳಿ ಆರಂಭಿಸಿದಾಗ, ಒಂದು ಥಾಳಿಗೆ ಶಹರದಲ್ಲಿ ರೂ. 50, ಹಳ್ಳಿಯಲ್ಲಿ ರೂ. 35 ಎಂದು ಹಿಡಿದು ಉಳಿದ ಹಣ ತಾನು ಕೊಟ್ಟಿತು. ಆಗಲೇ ಅಷ್ಟಿದ್ದರೆ, ಇಂದು ಅದಕ್ಕಿಂತ ಕಡಿಮೆಗೆ ಕೊಡುವವರು ಎಣ್ಣೆಯಲ್ಲೋ ಕಾಳಿನಲ್ಲೋ ಉಳಿಸುತ್ತಿರಬೇಕು.

2. ಒಮ್ಮೆ ಹೋಗಿ ಅಡುಗೆಮನೆ ನೋಡಿ ಬನ್ನಿರಿ. ಮನೆಯಲ್ಲಿ ಮಾಡಿ ಮಾರುವವರಿಗೂ 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಬೇಕು. ಆಗಿರದಿದ್ದರೆ ನಮ್ಮ ಓದಿದ ಹುಡುಗರು ಮಾಡಿಸಿಕೊಡಲಿ.

3. ಸ್ಟೀಲಿನ ಡಬ್ಬಿ ನಿಮ್ಮದೇ ಇರಲಿ, ಎರಡು ಜೊತೆ. ಬಿಸಿ ಪದಾರ್ಥ ಪ್ಲಾಸ್ಟಿಕ್ ಚೀಲದಲ್ಲಿ ಬೇಡ. ವರ್ತಮಾನ ಪತ್ರಿಕೆಯಲ್ಲಿ ಸುತ್ತಿದ ರೊಟ್ಟಿಯಂತೂ ಬೇಡವೇ ಬೇಡ. ಶಾಯಿ ಹೊಟ್ಟೆಗೆ ಹೋಗುತ್ತದೆ, ಕಾನೂನಿನ ನಿಷೇಧವೂ ಇದೆ.

4. ಬಂದ ಡಬ್ಬಿಯನ್ನು ಎರಡು ತಾಸಿನೊಳಗೆ ಉಣ್ಣಿರಿ. ಉಗುರುಬೆಚ್ಚಗೆ ಉಳಿದ ಅನ್ನ-ಬೇಳೆಯಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ.

5. ಊರಿಗೆ ಹೋಗುವುದಿದ್ದರೆ ಹಿಂದಿನ ದಿನವೇ ತಿಳಿಸಿರಿ. ಮಾಡಿದ ಅನ್ನ ಕೆಡಿಸಬಾರದು.

6. ಡಬ್ಬಿಯ ರೊಕ್ಕ ಉದ್ರಿ ಇಡಬೇಡಿರಿ.

ಎರಡು ತಿಂಗಳು ಮುಗಿದು ಬಹಳ ದಿನವಾಯಿತು. ಹೆಂಡತಿ ಈಗ ನಡೆದಾಡುತ್ತಾಳೆ. ಮುಂಜಾನೆಯ ಅಡುಗೆ ಮನೆಯಲ್ಲಿಯೇ. ಸಂಜೆಗೆ ಮಾತ್ರ ಎರಡು ಡಬ್ಬಿ ಬರುತ್ತವೆ, ತಿಂಗಳಿಗೆ ರೂ. 4,200. ಕಾಯಿಪಲ್ಯ ಹೆಚ್ಚುವುದು, ಕಾಳು ಆರಿಸುವುದು ನನ್ನ ಪಾಲಿಗೆ. ಹೊರಗಿನ ಊಟ ದುಬಾರಿಯೋ ಅಗ್ಗವೋ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಮೊದಲು ನಿಮ್ಮ ಮನೆಯ ಊಟದ ಪೂರ್ತಿ ಲೆಕ್ಕ ಬರೆಯಿರಿ, ಯಾರ ದುಡಿಮೆಯನ್ನೂ ಬಿಡದೆ. ಆಮೇಲೆ ಡಬ್ಬಿಯ ದರ ನೋಡಿರಿ.

ಇಪ್ಪತ್ತಮೂರು ಲಕ್ಷದ ಬಾಕಿ ಮಾತ್ರ ಇನ್ನೂ ನನ್ನ ಖಾತೆಯಲ್ಲೇ ಇದೆ.