ತಂತಿರಹಿತ ಟಚ್‌ಪ್ಯಾಡ್: ಜೋಡಣೆ ಮತ್ತು ದೋಷ ನಿವಾರಣೆ

ಸಿಂಧನೂರಿನ ಅಕ್ಕಿ ಗಿರಣಿಯಿರಲಿ, ಲಿಂಗಸುಗೂರು, ಮಸ್ಕಿಗಳ ಸಗಟು ಮಳಿಗೆಯಿರಲಿ, ಲೆಕ್ಕಪತ್ರವೆಲ್ಲ ಇಂದು ಗಣಕಯಂತ್ರದಲ್ಲಿಯೇ. ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಕೆಗೆ ಮರುತಿಂಗಳ 20ನೆಯ ತಾರೀಖು ಗಡುವು. ಅದು ಮೀರಿದರೆ, ತೆರಿಗೆ ಪಾವತಿಸಬೇಕಾದವರಿಗೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ ಹಾಗೂ ಬಾಕಿಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ. ಅಂದೇ ಟಚ್‌ಪ್ಯಾಡ್ ಕೈಕೊಟ್ಟರೆ ತೊಂದರೆ ಚಿಕ್ಕದಲ್ಲ.

ಇವುಗಳಲ್ಲಿ ಎರಡು ಬಗೆ. ಮೊದಲನೆಯದಕ್ಕೆ ಯುಎಸ್‌ಬಿ ರಿಸೀವರನ್ನು ಗಣಕಯಂತ್ರಕ್ಕೆ ಸಿಕ್ಕಿಸಿ, ಟಚ್‌ಪ್ಯಾಡಿನ ಸ್ವಿಚ್ ಹಾಕಿದರೆ ಸಾಮಾನ್ಯವಾಗಿ ಸಾಕು. ಎರಡನೆಯದು ಬ್ಲೂಟೂತ್ ಬಗೆ. ಸೆಟ್ಟಿಂಗ್ಸ್‌ನಲ್ಲಿ ಅದರ ಹೆಸರನ್ನು ಆಯ್ದು ಜೋಡಿಸಬೇಕು.

ದೋಷ ಕಂಡಾಗ ಮೂರನ್ನು ಕ್ರಮವಾಗಿ ಪರೀಕ್ಷಿಸುವುದು ಲೇಸು.

ಮೊದಲು ವಿದ್ಯುತ್: ಸೆಲ್ ಬದಲಿಸಬೇಕು ಅಥವಾ ಚಾರ್ಜ್ ಮಾಡಬೇಕು.

ಎರಡನೆಯದು ಸಂಕೇತ: ಎರಡೂ ಬಗೆಯವು ಬಹುತೇಕ 2.4 ಗಿಗಾಹರ್ಟ್ಸ್ ತರಂಗದಲ್ಲಿ ಕೆಲಸ ಮಾಡುತ್ತವೆ. ಪಕ್ಕದ ಯುಎಸ್‌ಬಿ 3.0 ಸಾಧನವೂ ಲೋಹದ ಕಪಾಟೂ ಇದಕ್ಕೆ ಅಡ್ಡಿ. ರಿಸೀವರನ್ನು ಚಿಕ್ಕ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಮೂಲಕ ಮೇಜಿನ ಮೇಲಕ್ಕೆ ತಂದರೆ ಬಾಣದ ಗುರುತಿನ ತಡವರಿಕೆ ಎಷ್ಟೋ ಬಾರಿ ನಿಲ್ಲುತ್ತದೆ. ಬ್ಲೂಟೂತ್ ಆದರೆ ಹಳೆಯ ಜೋಡಣೆಯನ್ನು ಅಳಿಸಿ ಹೊಸದಾಗಿ ಜೋಡಿಸಬೇಕು.

ಮೂರನೆಯದು ಮೇಲ್ಮೈ: ಟಚ್‌ಪ್ಯಾಡ್ ಗುರುತಿಸುವುದು ಒತ್ತಡವನ್ನಲ್ಲ, ಬೆರಳಿನಿಂದಾಗುವ ವಿದ್ಯುತ್ ಧಾರಕತೆಯ ವ್ಯತ್ಯಾಸವನ್ನು. ಬೆವರು, ಎಣ್ಣೆ, ತೌಡಿನ ಧೂಳು ಅದನ್ನು ಕೆಡಿಸುತ್ತವೆ. ಸ್ವಿಚ್ ಆರಿಸಿ, ಸ್ವಲ್ಪವೇ ತೇವಗೊಳಿಸಿದ ಮೃದು ಬಟ್ಟೆಯಿಂದ ಒರೆಸಬೇಕು.

ಇಷ್ಟಾದರೂ ಸರಿಹೋಗದಿದ್ದಲ್ಲಿ ಬೇರೊಂದು ಗಣಕಯಂತ್ರಕ್ಕೆ ಜೋಡಿಸಿ ನೋಡಬೇಕು. ಅಲ್ಲಿ ನಡೆದರೆ ದೋಷ ಟಚ್‌ಪ್ಯಾಡಿನದಲ್ಲ. ಈ ಪರೀಕ್ಷೆಯನ್ನು ಗಡುವಿಗೆ ನಾಲ್ಕು ದಿನ ಮೊದಲೇ ಮುಗಿಸಿ, ತಂತಿಯುಳ್ಳ ಸಾಧಾರಣ ಮೌಸ್ ಒಂದನ್ನು ಗಲ್ಲಾಪೆಟ್ಟಿಗೆಯ ಬಳಿ ಇರಿಸಿಕೊಳ್ಳುವುದು ಜಾಣತನ.