ಆರೈಕೆ ಹೆಚ್ಚಾದರೆ ಅರಳದ ಹೂ: ಐರಿಸ್

ಏಪ್ರಿಲ್, ಮೇ ತಿಂಗಳಲ್ಲಿ ಕಾಶ್ಮೀರಕ್ಕೆ ಹೋದವರು ಅಲ್ಲಿನ ಕಬರಸ್ತಾನಗಳಲ್ಲಿ ಬಿಳಿ, ನೇರಳೆ ಹೂಗಳು ಅರಳಿ ನಿಂತಿರುವುದನ್ನು ನೋಡಿರಬಹುದು. ಅದು ಐರಿಸ್. ಉರ್ದುವಿನಲ್ಲಿ ಸೋಸನ್ ಎನ್ನುತ್ತಾರೆ. ಗೋರಿಗಳ ಮೇಲೆ ಇದನ್ನು ನೆಡುವುದು ಅಲ್ಲಿನ ಹಳೆಯ ರೂಢಿ. ಅದರಲ್ಲಿ ಒಂದು ಜಾತಿಗೆ ಐರಿಸ್ ಕಾಶ್ಮೀರಿಯಾನಾ ಎಂದೇ ಹೆಸರು.

ಅಲ್ಲಿ ದಿನವೂ ನೀರೆರೆಯುವವರಿಲ್ಲ, ಗೊಬ್ಬರ ಹಾಕುವವರಿಲ್ಲ. ಆದರೂ ವರ್ಷ ವರ್ಷ ಹೂ ಬಿಡುತ್ತದೆ. ತೋಟದಲ್ಲಿ ಮುತುವರ್ಜಿಯಿಂದ ಸಾಕಿದ ಗಿಡ ಮಾತ್ರ ಬರೀ ಎಲೆ ಬಿಟ್ಟು, ಕೊನೆಗೆ ಕೊಳೆತು ಹೋಗುವುದುಂಟು. ಹೀಗೇಕೆ?

ಈ ಹೂವಿನ ಮೂರು ಎಸಳು ಮೇಲಕ್ಕೆ ನಿಂತಿದ್ದರೆ, ಮೂರು ಕೆಳಕ್ಕೆ ಬಾಗಿರುತ್ತವೆ. ಬಾಗಿದ ಎಸಳಿನ ಮೇಲೆ ಕೂದಲಿನಂಥ ಗಡ್ಡವಿದೆ. ಜೇನ್ನೊಣಕ್ಕೆ ಮಕರಂದದ ದಾರಿ ತೋರಿಸುವುದು ಅದೇ. ಆದ್ದರಿಂದ ಇದು 'ಗಡ್ಡದ ಐರಿಸ್'. ಗಿಡದ ಜೀವವಿರುವುದು ಗೆಡ್ಡೆಯಲ್ಲಿ. ಇದು ನಾವು ಜೀವಶಾಸ್ತ್ರದಲ್ಲಿ ಓದಿದ ರೈಜೋಮ್. ಶುಂಠಿ, ಅರಿಶಿನದ ಹಾಗೆಯೇ. ಆದರೆ ಶುಂಠಿಯನ್ನು ಮಣ್ಣಿನೊಳಗೆ ಹೂಳುತ್ತೇವೆ. ಐರಿಸ್ ಗೆಡ್ಡೆಯ ಬೆನ್ನು ಮಣ್ಣಿನಿಂದ ಹೊರಗೆ ಕಾಣುತ್ತಿರಬೇಕು.

ಬಿಸಿಲು: ದಿನಕ್ಕೆ ಕನಿಷ್ಠ 6 ಗಂಟೆ ಬೇಕು. ನೆರಳಿನಲ್ಲಿ ಎಲೆ ಬಂದೀತು, ಹೂ ಬಾರದು.

ನೀರು: ನಿಲ್ಲಬಾರದು. ಇಳಿಜಾರು ಅಥವಾ ಏರುಮಡಿ ಒಳ್ಳೆಯದು. ಹಿಂದೆ ಕಾಶ್ಮೀರದಲ್ಲಿ ಮನೆಗಳ ಮಣ್ಣಿನ ಮಾಡಿನ ಮೇಲೂ ಐರಿಸ್ ಬೆಳೆಯುತ್ತಿದ್ದುದು ಇದೇ ಕಾರಣಕ್ಕೆ. ಅಲ್ಲಿ ಬಿಸಿಲೂ ಇತ್ತು, ನೀರೂ ಇಳಿದು ಹೋಗುತ್ತಿತ್ತು.

ಗೊಬ್ಬರ: ಸಾರಜನಕ ಹೆಚ್ಚಾದರೆ ಎಲೆ ಸೊಕ್ಕುತ್ತದೆ, ಗೆಡ್ಡೆ ಮೆತ್ತಗಾಗಿ ರೋಗಕ್ಕೆ ಸಿಕ್ಕುತ್ತದೆ.

ಬಿಡಿಸಿ ನೆಡುವುದು: ಒಮ್ಮೆ ಹೂ ಬಿಟ್ಟ ಗೆಡ್ಡೆ ಮತ್ತೆ ಹೂ ಬಿಡುವುದಿಲ್ಲ, ಪಕ್ಕದಲ್ಲಿ ಒಡೆದ ಮರಿಗೆಡ್ಡೆಗಳು ಬಿಡುತ್ತವೆ. ಅವು ಒತ್ತೊತ್ತಾದರೆ ಹೂ ಕಡಿಮೆಯಾಗುತ್ತದೆ. ಆದ್ದರಿಂದ 3-4 ವರ್ಷಕ್ಕೊಮ್ಮೆ, ಹೂ ಮುಗಿದ ಮೇಲೆ, ಜುಲೈಯಿಂದ ಸೆಪ್ಟೆಂಬರ್ ಒಳಗೆ ಅಗೆದು, ಮರಿಗಳನ್ನು ಬೇರ್ಪಡಿಸಿ, ಒಂದೊಂದು ಅಡಿ ಅಂತರದಲ್ಲಿ ನೆಡಬೇಕು.

ಕೊಳೆರೋಗ: ಗೆಡ್ಡೆ ಮೆತ್ತಗಾಗಿ ಕೆಟ್ಟ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾದ ಕೆಲಸ. ಕೊಳೆತ ಭಾಗವನ್ನು ಗಟ್ಟಿ ತಿರುಳು ಸಿಗುವವರೆಗೆ ಕತ್ತರಿಸಿ ತೆಗೆದು, ಗಾಯವನ್ನು ಬಿಸಿಲಿಗೆ ಒಣಗಿಸಬೇಕು. ಚಾಕುವನ್ನೂ ಶುಚಿ ಮಾಡಬೇಕು, ಇಲ್ಲದಿದ್ದರೆ ರೋಗ ಮುಂದಿನ ಗಿಡಕ್ಕೆ ದಾಟುತ್ತದೆ.

ಇಷ್ಟೆಲ್ಲ ಮಾಡಿದರೆ ನಮ್ಮ ಕರಾವಳಿಯಲ್ಲೂ ಬೆಳೆಯಬಹುದೇ? ಕಷ್ಟ. ಮೊಗ್ಗು ಮೂಡಲು ಚಳಿಗಾಲದ ತಂಪು ಬೇಕು. ಶ್ರೀನಗರದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾದರೆ, ಮಂಗಳೂರಿನಲ್ಲಿ 3000 ಮಿಲಿಮೀಟರ್ ದಾಟುತ್ತದೆ. ಆದ್ದರಿಂದ ಪ್ರವಾಸ ಹೋದಾಗ ಆಸೆಗೆ ಗೆಡ್ಡೆ ಕಿತ್ತು ತರಬೇಡಿ. ಅದು ಇನ್ನೊಬ್ಬರ ಹಿರಿಯರ ಗೋರಿಯ ಮೇಲಿನ ಹೂ. ತಂದರೂ ಇಲ್ಲಿನ ಮೊದಲ ಮಳೆಗಾಲಕ್ಕೇ ಕೊಳೆತೀತು.

ಆದರೆ ಅದು ಕಲಿಸುವ ಪಾಠವನ್ನು ತರಬಹುದು. ಮನೆಯ ಕುಂಡಕ್ಕೆ ನೀರು ಹಾಕುವ ಮೊದಲು ಮಣ್ಣಿಗೆ ಬೆರಳಿಟ್ಟು ನೋಡಿ. ಒದ್ದೆಯಿದ್ದರೆ ಇವತ್ತು ಬೇಡ.